ಎಷ್ಟು ಮಿಲಿಮೀಟರ್ ಉಜ್ಜಲಿ, ಅಣ್ಣಾ?

ಕಳೆದ ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಕಿಟಕಿ ಹತ್ರ ನಿಂತಿದ್ದೆ. ಇಲ್ಲಿ ಕ್ಯಾರಿಯಲ್ಲಿ ಈಗ ಎಲೆ ಉದುರೋ ಕಾಲ. ಪಕ್ಕದ ಮನೆಯ ಲಾನಿನಲ್ಲಿ ಒಬ್ಬ ಬೆನ್ನಿಗೆ ಲೀಫ್ ಬ್ಲೋವರ್ ಕಟ್ಕೊಂಡು ಎಲೆಗಳನ್ನೆಲ್ಲಾ ರಸ್ತೆಯ ಅಂಚಿಗೆ ಅಟ್ಟುತ್ತಾ ಇದ್ದ. ಕಿಟಕಿ ಮುಚ್ಚಿದ್ರೂ ಆ ವಾಸನೆ ಒಳಗೆ ಬಂತು ನೋಡಿ... ಅರ್ಧ ಸುಟ್ಟ ಆಯಿಲ್, ಅರ್ಧ ಸುಡದ ಪೆಟ್ರೋಲು. ಟೂ ಸ್ಟ್ರೋಕ್ ವಾಸನೆ! ಬೇರೆಯವರಿಗೆ ತಲೆನೋವು ತರೋ ಆ ವಾಸನೆ ನನ್ನನ್ನು ಮಾತ್ರ ಎರಡು ಸೆಕೆಂಡಿನಲ್ಲಿ ಮೈಸೂರಿಗೆ ಕರ್ಕೊಂಡು ಹೋಗಿಬಿಡುತ್ತೆ.

ಅದೇ ಹೊತ್ತಿಗೆ ಫೋನು ಟಿಣ್ ಅಂತು. ಮೈಸೂರಿನಿಂದಲೇ. ನಮ್ಮ ಸೋದರಮಾವನ ಮಗ, ಮೆಕ್ಯಾನಿಕಲ್ ಎರಡನೇ ವರ್ಷ. ಒಂದು ಫೋಟೋ ಕಳಿಸಿದ್ದ. ಹಳೇ ನ್ಯೂಸ್ ಪೇಪರ್ ಮೇಲೆ ಇಟ್ಟ ಆರ್‌ಎಕ್ಸ್ 100ರ ಸಿಲಿಂಡರ್ ಬ್ಲಾಕು, ಪಕ್ಕದಲ್ಲಿ ಒಂದು ಅರ. ಕೆಳಗೆ ಒಂದೇ ಸಾಲು: "ಅಣ್ಣಾ, ಎಕ್ಸಾಸ್ಟ್ ಪೋರ್ಟ್ ಎಷ್ಟು ಮಿಲಿಮೀಟರ್ ಮೇಲಕ್ಕೆ ಉಜ್ಜಲಿ?"

ನಾನು ನಾಲ್ಕು ದಿನ ಉತ್ತರ ಕೊಡಲಿಲ್ಲ. ಕೆಲಸ ಇತ್ತು ಅನ್ನೋದು ನೆಪ. ನಿಜ ಹೇಳ್ಬೇಕಂದ್ರೆ ಅದೇ ಗಾಡಿಯ ಮೊದಲನೇ ಬ್ಲಾಕನ್ನು ಉಜ್ಜಿ ಹಾಳು ಮಾಡಿದವನು ನಾನೇ. ಈ ಫೋಟೋದಲ್ಲಿರೋದು ಎರಡನೇದು. ಅವನಿಗೆ ಒಂದು ನಂಬರ್ ಟೈಪ್ ಮಾಡಿ ಕಳಿಸೋದು ಸುಲಭ, "ಒಂದೂವರೆ" ಅಂದ್ರೆ ಮುಗೀತು. ಆದ್ರೆ 2017ರಲ್ಲಿ ನನಗೂ ಯಾರೋ ಹಾಗೇ ಒಂದು ನಂಬರ್ ಹೇಳಿದ್ರು. ಅದಕ್ಕೇ ಈ ಉದ್ದನೆಯ ಉತ್ತರ. ಅವನಿಗೂ, ಅವನ ಹಾಗೆ ಅರ ಹಿಡ್ಕೊಂಡು ಕೂತಿರೋ ಇನ್ನೂ ಎಷ್ಟೋ ಹುಡುಗರಿಗೂ.

ಮೊದಲು ನನ್ನ ಪಾಪದ ಕಥೆ ಹೇಳಿ ಮುಗಿಸ್ತೀನಿ. ಮಾವ ಆ ಗಾಡಿ ತಗೊಂಡಿದ್ದು 1993ರಲ್ಲಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ದಿನಾ ಆಫೀಸಿಗೆ ಅದರಲ್ಲೇ ಹೋಗಿದ್ದಾರೆ. ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ರಜೆಯಲ್ಲಿ ಮಾವನ ಮನೆಗೆ ಹೋದವನು, "ಮಾವಾ, ಸ್ವಲ್ಪ ಡಿಕಾರ್ಬನೈಸ್ ಮಾಡಿಸಿ ಕೊಡ್ತೀನಿ" ಅಂತ ಗಾಡಿ ತಗೊಂಡೆ. ಹೆಡ್ ಬಿಚ್ಚಿ ಕಾರ್ಬನ್ ಕೆರೆದಿದ್ದು ನಿಜ. ಅದರ ಜೊತೆಗೆ ಎಕ್ಸಾಸ್ಟ್ ಪೋರ್ಟನ್ನು ಎರಡು ಮಿಲಿಮೀಟರ್ ಮೇಲಕ್ಕೆ ಎತ್ತಿದೆ, ಅಗಲಾನೂ ಮಾಡಿದೆ. ಗಾಡಿ ಸ್ಟಾರ್ಟ್ ಆಯ್ತು. ಕೆಳಗಿನ ಸ್ಪೀಡಿನಲ್ಲಿ ಕೆಮ್ಮುತ್ತಾ ಇತ್ತು, ಆಮೇಲೆ ಇದ್ದಕ್ಕಿದ್ದ ಹಾಗೆ ಯಾರೋ ಹಿಂದಿನಿಂದ ನೂಕಿದ ಹಾಗೆ ಚಿಮ್ಮೋದು. ನಾನೇನೋ ರಾಕೆಟ್ ಕಂಡುಹಿಡಿದ ಹಾಗೆ ಬೀಗಿದೆ!

ಮೂರನೇ ದಿನ ನಂಜನಗೂಡು ರಸ್ತೆಯಲ್ಲಿ, ಕಡಕೊಳ ದಾಟಿದ ಮೇಲೆ, ಎಂಜಿನ್ನಿಂದ 'ಟಕ್' ಅಂತ ಒಂದು ಸದ್ದು. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ಜಾರಿತು. ಹೇಗೋ ಕ್ಲಚ್ ಹಿಡಿದೆ, ಬೀಳಲಿಲ್ಲ. ಹಿಂದೆ ಒಂದು ಲಾರಿ ಇತ್ತು ಅನ್ನೋದು ನಿಂತ ಮೇಲೆ ಗೊತ್ತಾಗಿದ್ದು. ಬಿಚ್ಚಿ ನೋಡಿದ್ರೆ ಪಿಸ್ಟನ್ ರಿಂಗು ಪೋರ್ಟಿನ ಅಂಚಿಗೆ ಸಿಕ್ಕಿ ಮುರಿದಿತ್ತು. ಪಿಸ್ಟನ್ ಚೂರು, ಬೋರಿನ ತುಂಬಾ ಉದ್ದುದ್ದ ಗೀರು. ಮಾವ ಹೇಳಿದ್ದು ಒಂದೇ ಮಾತು: "ಹೋಗ್ಲಿ ಬಿಡೋ, ನಿನಗೇನೂ ಆಗ್ಲಿಲ್ವಲ್ಲ." ಆಮೇಲೆ ಎಂಟು ತಿಂಗಳು ಸಿಟಿ ಬಸ್ಸಿನಲ್ಲಿ ಆಫೀಸಿಗೆ ಹೋದ್ರು. ಒಳ್ಳೇ ಬ್ಲಾಕು ಸಿಗಬೇಕಲ್ಲ! ಗಾಡಿ ಟಾರ್ಪಾಲಿನ ಅಡಿಯಲ್ಲಿ ನಿಂತಿತ್ತು. ನಾನು ಅವರ ಮನೆಗೆ ಹೋದಾಗೆಲ್ಲಾ ಆ ಕಡೆ ನೋಡದ ಹಾಗೆ ಒಳಗೆ ಹೋಗ್ತಿದ್ದೆ.

ಈಗ ವಿಷಯಕ್ಕೆ ಬರೋಣ. ಪೋರ್ಟ್ ಅಂದ್ರೆ ಏನು, ಅದನ್ನ ಯಾಕೆ ಉಜ್ಜಬೇಕು?

ಫೋರ್ ಸ್ಟ್ರೋಕ್ ಎಂಜಿನ್ನಿಗೆ ವಾಲ್ವುಗಳಿವೆ, ಯಾವಾಗ ಬಾಗಿಲು ತೆಗೀಬೇಕು, ಯಾವಾಗ ಮುಚ್ಚಬೇಕು ಅಂತ ಕ್ಯಾಮ್ ಶಾಫ್ಟು ಹೇಳುತ್ತೆ. ಟೂ ಸ್ಟ್ರೋಕಿಗೆ ಸಿಲಿಂಡರ್ ಗೋಡೆಯಲ್ಲಿ ಕೊರೆದ ಕಿಟಕಿಗಳಷ್ಟೇ. ಬಾಗಿಲು ತೆಗೆಯೋನೂ ಪಿಸ್ಟನ್ನೇ, ಮುಚ್ಚೋನೂ ಪಿಸ್ಟನ್ನೇ. ಪಿಸ್ಟನ್ ಕೆಳಗಿಳೀತಾ ಮೊದಲು ಎಕ್ಸಾಸ್ಟ್ ಕಿಟಕಿ ತೆರೆಯುತ್ತೆ, ಸುಟ್ಟ ಗಾಳಿ ಹೊರಗೆ. ಇನ್ನೂ ಕೆಳಗಿಳಿದ್ರೆ ಟ್ರಾನ್ಸ್‌ಫರ್ ಕಿಟಕಿಗಳು ತೆರೆದು, ಕ್ರ್ಯಾಂಕ್ ಕೇಸಿನಿಂದ ಹೊಸ ಪೆಟ್ರೋಲ್-ಗಾಳಿ ಮಿಶ್ರಣ ಒಳಗೆ ಬರುತ್ತೆ. ಪಿಸ್ಟನ್ ವಾಪಸ್ ಮೇಲೇರ್ತಾ ಮೊದಲು ಟ್ರಾನ್ಸ್‌ಫರ್ ಮುಚ್ಚುತ್ತೆ, ಆಮೇಲೆ ಎಕ್ಸಾಸ್ಟ್.

ಇಲ್ಲೇ ಇರೋದು ಎಡವಟ್ಟು. ಹೊಸ ಮಿಶ್ರಣ ಒಳಗೆ ಬರುವಾಗ ಎಕ್ಸಾಸ್ಟ್ ಕಿಟಕಿ ತೆರೆದೇ ಇರುತ್ತೆ. ಮುಂಬಾಗಿಲಿನಲ್ಲಿ ಬಂದ ನೆಂಟರು ಹಿತ್ತಲ ಬಾಗಿಲು ತೆಗೆದಿದೆ ಅಂತ ಹಾಗೇ ಹೊರಟುಹೋದ ಹಾಗೆ, ಒಳಗೆ ಬಂದ ಪೆಟ್ರೋಲಿನ ಸುಮಾರು ಕಾಲು ಭಾಗ ಸುಡದೆ ಸೈಲೆನ್ಸರಿನಿಂದ ಆಚೆ ಹೋಗಬಹುದು. ನಮ್ಮ ಪಕ್ಕದ ಮನೆಯ ಲೀಫ್ ಬ್ಲೋವರಿನಿಂದ ಬಂದ ವಾಸನೆ ಅದೇ.

ಎಕ್ಸಾಸ್ಟ್ ಕಿಟಕಿಯ ಮೇಲಂಚನ್ನು ಉಜ್ಜಿ ಎತ್ತರಿಸಿದ್ರೆ ಅದು ಬೇಗ ತೆರೆಯುತ್ತೆ, ತಡವಾಗಿ ಮುಚ್ಚುತ್ತೆ. ಜಾಸ್ತಿ ಆರ್‌ಪಿಎಂನಲ್ಲಿ ಸುಟ್ಟ ಗಾಳಿ ಹೊರಹೋಗೋಕೆ ಸಮಯ ಸಾಲದೇ ಇರೋದ್ರಿಂದ ಅಲ್ಲಿ ಇದು ಒಳ್ಳೇದು. ಆರ್‌ಎಕ್ಸ್ 100ರ ಬೋರ್ 50 ಮಿಲಿಮೀಟರ್, ಸ್ಟ್ರೋಕ್ 50 ಮಿಲಿಮೀಟರ್. ಈ ಅಳತೆಗೆ ಒಂದು ಮಿಲಿಮೀಟರ್ ಎತ್ತಿದ್ರೆ ಕಿಟಕಿ ತೆರೆದಿರೋ ಅವಧಿ ಸುಮಾರು ನಾಲ್ಕೈದು ಡಿಗ್ರಿ ಹೆಚ್ಚಾಗುತ್ತೆ. ಕೇಳೋಕೆ ಚಿಕ್ಕದು. ಆದ್ರೆ ಅಷ್ಟಕ್ಕೇ ಎಂಜಿನ್ನಿನ ಸ್ವಭಾವ ಬದಲಾಗುತ್ತೆ. ಮೇಲೆ ಸಿಕ್ಕಿದ್ದನ್ನ ಕೆಳಗಿನ ಎಳೆತದಲ್ಲಿ ಕಳ್ಕೊಳ್ತೀರಿ. ಸಂತೆಗೆ ಹೋಗಿ ಮೂಟೆ ಹೊತ್ಕೊಂಡು ಬರೋ ಗಾಡಿಗೆ ಇದು ಬೇಕಾ, ನೀವೇ ಹೇಳಿ.

ಇನ್ನೂ ಮುಖ್ಯವಾದ ಮಾತು ಏನಂದ್ರೆ, ಪೋರ್ಟ್ ಒಂದನ್ನೇ ಉಜ್ಜಿ ಏನೂ ಪ್ರಯೋಜನ ಇಲ್ಲ. ಹಿತ್ತಲ ಬಾಗಿಲು ಇನ್ನೂ ಹೊತ್ತು ತೆರೆದಿಟ್ಟ ಮೇಲೆ, ಹೊರಗೆ ಹೋದ ನೆಂಟರನ್ನ ವಾಪಸ್ ಕರ್ಕೊಂಡು ಬರೋಕೆ ಯಾರಾದ್ರೂ ಬೇಕಲ್ಲ? ಆ ಕೆಲಸ ಮಾಡೋದೇ ಎಕ್ಸ್‌ಪ್ಯಾನ್ಷನ್ ಚೇಂಬರ್.

ನೋಡೋಕೆ ಅದು ಇಲಿ ನುಂಗಿದ ಹಾವಿನ ಹಾಗೆ. ಮೊದಲು ಒಂದು ಪೈಪು, ಆಮೇಲೆ ನಿಧಾನಕ್ಕೆ ಅಗಲವಾಗೋ ಕೋನ್, ನಡುವೆ ದಪ್ಪ ಹೊಟ್ಟೆ, ಆಮೇಲೆ ಬೇಗ ಕಿರಿದಾಗೋ ಇನ್ನೊಂದು ಕೋನ್, ಕೊನೆಯಲ್ಲಿ ಬೆರಳು ಗಾತ್ರದ ಬಾಲ. ಒಳಗೆ ತಿರುಗೋ ಭಾಗ ಒಂದೂ ಇಲ್ಲ, ಬರೀ ತಗಡು. ಆದ್ರೆ ಅದು ಪಂಪಿನ ಕೆಲಸ ಮಾಡುತ್ತೆ! ಹೇಗೆ? ಪ್ರತಿಧ್ವನಿಯಿಂದ.

ಎಕ್ಸಾಸ್ಟ್ ಕಿಟಕಿ ತೆರೆದ ತಕ್ಷಣ ಒಂದು ಒತ್ತಡದ ಅಲೆ ಪೈಪಿನೊಳಗೆ ಓಡುತ್ತೆ. ಅಗಲವಾಗ್ತಾ ಹೋಗೋ ಕೋನ್ ಸಿಕ್ಕಿದಾಗ ಅದರ ಒಂದು ಭಾಗ ಉಲ್ಟಾ ಆಗಿ, ಅಂದ್ರೆ ಹೀರೋ ಅಲೆಯಾಗಿ ಹಿಂದಕ್ಕೆ ಬರುತ್ತೆ. ಅದು ಸಿಲಿಂಡರಿನಿಂದ ಸುಟ್ಟ ಗಾಳಿಯನ್ನ ಎಳೆದು, ಹೊಸ ಮಿಶ್ರಣವನ್ನೂ ಜೊತೆಗೆ ಎಳ್ಕೊಂಡು ಬರುತ್ತೆ. ಒಂದಿಷ್ಟು ಹೊಸ ಮಿಶ್ರಣ ಪೈಪಿನೊಳಗೂ ನುಗ್ಗುತ್ತೆ. ಅಷ್ಟರಲ್ಲಿ ಮೊದಲ ಅಲೆಯ ಉಳಿದ ಭಾಗ ಕಿರಿದಾಗೋ ಕೋನಿಗೆ ಬಡಿದು, ತಳ್ಳೋ ಅಲೆಯಾಗಿ ವಾಪಸ್ ಬಂದು, ಹೊರಗೆ ಹೋಗಿದ್ದ ಹೊಸ ಮಿಶ್ರಣವನ್ನು ಕತ್ತು ಹಿಡಿದು ಒಳಗೆ ನೂಕುತ್ತೆ. ಅದೇ ಕ್ಷಣಕ್ಕೆ ಪಿಸ್ಟನ್ ಬಂದು ಕಿಟಕಿ ಮುಚ್ಚಬೇಕು. ಎಂಥಾ ಟೈಮಿಂಗ್ ನೋಡಿ!

ಟೈಮಿಂಗ್ ಅಂದ ಮೇಲೆ ಲೆಕ್ಕ ಬೇಕಲ್ಲ. ಆರ್‌ಎಕ್ಸ್ 100 ತನ್ನ 11 ಹಾರ್ಸ್ ಪವರ್ ಕೊಡೋದು 7500 ಆರ್‌ಪಿಎಂನಲ್ಲಿ. ಅಂದ್ರೆ ಒಂದು ಸುತ್ತಿಗೆ 8 ಮಿಲಿಸೆಕೆಂಡು. ಲೆಕ್ಕದ ಅನುಕೂಲಕ್ಕೆ ಕಿಟಕಿ 180 ಡಿಗ್ರಿ ತೆರೆದಿರುತ್ತೆ ಅಂದುಕೊಳ್ಳಿ, ಅದು 4 ಮಿಲಿಸೆಕೆಂಡು. ಬಿಸಿ ಎಕ್ಸಾಸ್ಟ್ ಗಾಳಿಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 520 ಮೀಟರ್ ಅಂತ ಹಿಡೀತಾರೆ. 4 ಮಿಲಿಸೆಕೆಂಡಿಗೆ ಎರಡು ಮೀಟರಿನಷ್ಟು ಓಡುತ್ತೆ. ಹೋಗಿ ಬರಬೇಕಾದ್ರಿಂದ ಅರ್ಧ ಮಾಡಿ, ಹಿಂದಿನ ಕೋನ್ ಕಿಟಕಿಯಿಂದ ಸುಮಾರು ಒಂದು ಮೀಟರ್ ದೂರದಲ್ಲಿರಬೇಕು. ಗಾರ್ಡನ್ ಜೆನ್ನಿಂಗ್ಸ್ ಅನ್ನೋ ಅಮೆರಿಕನ್ 1973ರ ತನ್ನ ಟ್ಯೂನಿಂಗ್ ಕೈಪಿಡಿಯಲ್ಲಿ ಕೊಟ್ಟಿರೋ ಸೂತ್ರವೂ ಇದೇ. ಪಿಯುಸಿ ಫಿಸಿಕ್ಸು ಗೊತ್ತಿದ್ರೆ ಸಾಕು.

ಈಗ ಅದೇ ಪೈಪು ಇಟ್ಕೊಂಡು 5000 ಆರ್‌ಪಿಎಂನಲ್ಲಿ ಓಡಿಸಿ. ಕಿಟಕಿ 6 ಮಿಲಿಸೆಕೆಂಡು ತೆರೆದಿರುತ್ತೆ, ಅಲೆ ಮಾತ್ರ 4 ಮಿಲಿಸೆಕೆಂಡಿಗೇ ವಾಪಸ್. ಟ್ರಾನ್ಸ್‌ಫರ್ ಕಿಟಕಿ ಇನ್ನೂ ಮುಚ್ಚಿಲ್ಲ, ಆಗಲೇ ಸುಟ್ಟ ಗಾಳಿಯನ್ನೇ ಒಳಗೆ ನೂಕುತ್ತೆ. ಗಾಡಿ ಕೆಮ್ಮುತ್ತೆ. 9000ಕ್ಕೆ ಏರಿಸಿದ್ರೆ ಅಲೆ ಬರೋ ಹೊತ್ತಿಗೆ ಕಿಟಕಿಯೇ ಮುಚ್ಚಿರುತ್ತೆ. ಹಾಗಾಗಿ ಪ್ರತಿ ಚೇಂಬರಿಗೂ ತನ್ನದೇ ಒಂದು ಸಣ್ಣ ಆರ್‌ಪಿಎಂ ವಲಯ. ಅದರೊಳಗೆ ರಾಜ, ಹೊರಗೆ ಭಿಕಾರಿ. ನಾವು 'ಪವರ್ ಬ್ಯಾಂಡ್ ಬಂತು ಗುರೂ' ಅಂತ ಕೂಗ್ತಿದ್ದದ್ದು ಆ ಕ್ಷಣಕ್ಕೆ. ಈ ತೊಂದರೆಗೇ ಯಮಾಹಾದವರು ಓಡ್ತಾ ಇರೋವಾಗಲೇ ಎಕ್ಸಾಸ್ಟ್ ಕಿಟಕಿಯ ಮೇಲಂಚನ್ನು ಏರಿಸಿ ಇಳಿಸೋ ಪವರ್ ವಾಲ್ವ್ ಮಾಡಿ, 1983ರ ಹೊತ್ತಿಗೆ ಆರ್‌ಡಿ 350ಗೆ ಹಾಕಿದ್ರು. ನಮ್ಮಲ್ಲಿ ಅದೇ ವರ್ಷ ಬಂದ ರಾಜ್‌ದೂತ್ 350ಗೆ ಆ ಭಾಗ್ಯ ಇರಲಿಲ್ಲ ಬಿಡಿ.

ಇದನ್ನೆಲ್ಲಾ ಮೊದಲು ಸರಿಯಾಗಿ ಹಿಡಿದವನು ವಾಲ್ಟರ್ ಕಾಡೆನ್ ಅನ್ನೋ ಪೂರ್ವ ಜರ್ಮನಿಯ ಇಂಜಿನಿಯರ್. ಚೋಪಾವ್ ಅನ್ನೋ ಸಣ್ಣ ಊರಿನಲ್ಲಿ ಎಂಝಡ್ ಫ್ಯಾಕ್ಟರಿಯ ರೇಸಿಂಗ್ ವಿಭಾಗ ನೋಡ್ಕೋತಾ ಇದ್ದ. ದುಡ್ಡಿಲ್ಲ, ಒಳ್ಳೇ ಲೋಹ ಸಿಗಲ್ಲ. ಆತ ಮಾಡಿದ್ದೇನಂದ್ರೆ, ಪೈಪಿನೊಳಗಿನ ಒತ್ತಡವನ್ನು ಆಸಿಲೋಸ್ಕೋಪಿನಲ್ಲಿ ನೋಡಿ, ಅಲೆ ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಅಂತ ಅಳೆದು, ಪೈಪು ಬದಲಾಯಿಸಿ, ಮತ್ತೆ ಅಳೆದ. ವರ್ಷಗಟ್ಟಲೆ. 1961ರಲ್ಲಿ ಅವನ 125 ಸಿಸಿ ಎಂಜಿನ್ 25 ಹಾರ್ಸ್ ಪವರ್ ಕೊಡ್ತಾ ಇತ್ತು, ಲೀಟರಿಗೆ 200ರ ಲೆಕ್ಕ! ನಮ್ಮ ಆರ್‌ಎಕ್ಸ್ 100 ರಸ್ತೆ ಗಾಡಿ ನಿಜ, ಆದ್ರೂ ಕಾಲು ಶತಮಾನ ಆದ್ಮೇಲೆ ಲೀಟರಿಗೆ ಸುಮಾರು 112 ಕೊಟ್ಟಿದ್ದಕ್ಕೇ ನಾವು ಪೂಜೆ ಮಾಡ್ತೀವಿ.

ಅದೇ 1961ರಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ ಗ್ರ್ಯಾಂಡ್ ಪ್ರಿಗೆ ಹೋಗಿದ್ದ ಎಂಝಡ್ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ವಾಪಸ್ ಊರಿಗೆ ಹೋಗಲೇ ಇಲ್ಲ. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಿದ್ರಂತೆ. ಡೆಗ್ನರ್ ನೇರ ಸೇರಿದ್ದು ಸುಝುಕಿಗೆ, ತಲೆಯಲ್ಲಿ ಕಾಡೆನ್‌ನ ವಿದ್ಯೆಯನ್ನೆಲ್ಲಾ ತುಂಬ್ಕೊಂಡು. ಮರುವರ್ಷ, 1962ರಲ್ಲಿ, 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಸುಝುಕಿಗೆ! 1964ರಲ್ಲಿ ಯಮಾಹಾ ಟೂ ಸ್ಟ್ರೋಕಿನಲ್ಲೇ 250 ಸಿಸಿ ಗೆದ್ದಿತು. ಎಂಝಡ್ ಮಾತ್ರ ಚಾಂಪಿಯನ್ ಆಗಲೇ ಇಲ್ಲ. ಕೋಡ್ ಬರೆದವನೊಬ್ಬ, ರಿಲೀಸ್ ಮಾಡಿ ಹೆಸರು ತಗೊಂಡವನು ಇನ್ನೊಬ್ಬ... ನಮ್ಮ ಫೀಲ್ಡಿನವರಿಗೆ ಇದೇನು ಹೊಸದಲ್ಲ ಬಿಡಿ.

ಕಾಡೆನ್ ಕಥೆ ಯಾಕೆ ಹೇಳಿದೆ ಅಂದ್ರೆ, ಅವನ ಹತ್ರ ಅರಕ್ಕಿಂತ ಮೊದಲು ಅಳತೆ ಇತ್ತು. ನಮ್ಮಲ್ಲಿ ಅದು ಉಲ್ಟಾ. ನಾನು ಉಜ್ಜುವಾಗ ಮಾವನ ಬ್ಲಾಕಿನ ಕಿಟಕಿ ಎಷ್ಟು ಡಿಗ್ರಿಗೆ ತೆರೆಯುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಗಲ ಮಾಡಿದ್ದಕ್ಕೂ ಲೆಕ್ಕ ಇರಲಿಲ್ಲ. ನಡುವೆ ಕಂಬ ಇಲ್ಲದ ಒಂಟಿ ಕಿಟಕಿ ಬೋರಿನ 60-65 ಪರ್ಸೆಂಟ್ ದಾಟಿದ ಮೇಲೆ ಅಪಾಯ ಶುರು. ರಿಂಗು ಸ್ಪ್ರಿಂಗ್ ಇದ್ದ ಹಾಗೆ, ಖಾಲಿ ಜಾಗ ಸಿಕ್ಕಿದ ಕಡೆ ಹೊರಕ್ಕೆ ಉಬ್ಬುತ್ತೆ. ಅಂಚು ಚೂಪಾಗಿದ್ರೆ ಸಿಕ್ಕಿಹಾಕ್ಕೊಂಡು ಮುರಿಯುತ್ತೆ. ಅಂಚನ್ನು ಇಳಿಜಾರು ಮಾಡಿ ನಯ ಮಾಡಬೇಕಿತ್ತು. ನಾನು ಮಾಡಿರಲಿಲ್ಲ. ಹತ್ತು ನಿಮಿಷದ ಕೆಲಸ ಅದು.

ತಮಾಷೆ ಏನು ಗೊತ್ತಾ? ಇದಕ್ಕೆ ಉತ್ತರ ಮೈಸೂರಿನಲ್ಲೇ ತಯಾರಾಗ್ತಾ ಇತ್ತು. ಐಡಿಯಲ್ ಜಾವಾದವರ ಯೆಝ್ಡಿ 250 ನೋಡಿದೀರಲ್ಲ, ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಅದು ಬರೀ ಅಂದಕ್ಕಲ್ಲ. ಒಂದು ದೊಡ್ಡ ಎಕ್ಸಾಸ್ಟ್ ಕಿಟಕಿಯ ಬದಲು ಎರಡು ಕಿಟಕಿ, ನಡುವೆ ಲೋಹದ ಕಂಬ. ಕಿಟಕಿ ವಿಶಾಲವಾಗಿರುತ್ತೆ, ರಿಂಗಿಗೂ ಆಸರೆ. ಯಾದವಗಿರಿಯ ಆ ಫ್ಯಾಕ್ಟರಿಯ ಕಡೆಯಿಂದಲೇ ನಾನು ಎಷ್ಟೋ ಸಲ ಓಡಾಡಿದೀನಿ, ಯೆಝ್ಡಿಯ 'ಧಗ್ ಧಗ್' ಸದ್ದಿಗೆ ತಲೆ ತಿರುಗಿಸಿದೀನಿ. ಅದಕ್ಕೆ ಎರಡು ಪೈಪು ಯಾಕೆ ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ. ಇಂಜಿನಿಯರಿಂಗ್ ಓದ್ತಿದ್ದವನು ನಾನು!

ನನ್ನ ತಕರಾರು ಇರೋದೇ ಇಲ್ಲಿ. ಟೂ ಸ್ಟ್ರೋಕ್ ವಿಷಯದಲ್ಲಿ ನಾವು ಸದ್ದನ್ನ ಉಳಿಸ್ಕೊಂಡ್ವಿ, ಲೆಕ್ಕವನ್ನ ಬಿಟ್ವಿ.

ನಮ್ಮ ಊರುಗಳಲ್ಲಿ 'ಸೈಲೆನ್ಸರ್ ಚೇಂಜ್' ಅಂದ್ರೆ ಏನು? ಒಳಗಿನ ಬ್ಯಾಫಲ್ ಕಿತ್ತು ಬಿಸಾಡೋದು, ಇಲ್ಲಾ ಡ್ರಿಲ್ ತಗೊಂಡು ನಾಲ್ಕು ತೂತು ಹೊಡೆಯೋದು. ಬೀದಿ ನಡುಗುತ್ತೆ, ಹುಡುಗರು ಖುಷಿ. ಪವರ್ ಬಂತಾ? ಎಷ್ಟೋ ಸಲ ಕಮ್ಮಿಯಾಗಿರುತ್ತೆ! ಅಲೆ ಬಡಿದು ಹಿಂದಕ್ಕೆ ಬರಬೇಕಾದ ಜಾಗದಲ್ಲಿ ತೂತು ಮಾಡಿದ್ರೆ ಅದು ವಾಪಸ್ ಬರೋದು ಎಲ್ಲಿಂದ? ಸರಳವಾಗಿ ಹೇಳ್ಬೇಕಂದ್ರೆ, ಬೀದಿಗೆ ಕೇಳೋ ಸದ್ದು ಎಂಜಿನ್ನಿಗೆ ವಾಪಸ್ ಬರದೇ ಹೋದ ಅಲೆ. ಕಾರ್ಬ್ಯುರೇಟರಿನ ಜೆಟ್ ಮುಟ್ಟದೇ ಹೀಗೆ ಮಾಡಿದ್ರೆ ಮಿಶ್ರಣದಲ್ಲಿ ಪೆಟ್ರೋಲು ಕಮ್ಮಿಯಾಗಿ ಎಂಜಿನ್ ಕಾದು ಸೀಝ್ ಆಗೋ ಸಾಧ್ಯತೆ ಬೇರೆ.

ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥಾ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ವೀಡಿಯೋಗಳನ್ನು ನೀವೂ ನೋಡಿರ್ತೀರಿ. ನನ್ನ ಗೆಳೆಯರು "ಅನ್ಯಾಯ" ಅಂತ ಫಾರ್ವರ್ಡ್ ಮಾಡಿದ್ರು. ಕ್ಷಮಿಸಿ, ನನಗೆ ಅನ್ಯಾಯ ಅನ್ನಿಸಲಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆ ಮುಂದೆ, ಮಲಗಿರೋ ಮಗುವಿನ ಕಿಟಕಿ ಮುಂದೆ ಕಿರುಚೋಕೆ ಯಾರಿಗೂ ಹಕ್ಕಿಲ್ಲ. ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಆ ರಾಶಿಯಲ್ಲಿ ಒಂದಾದ್ರೂ ಯಾರೋ ಕೂತು ಡಿಗ್ರಿ, ಮಿಲಿಸೆಕೆಂಡು ಲೆಕ್ಕ ಹಾಕಿ, ತಗಡು ಕತ್ತರಿಸಿ, ಬೆಸುಗೆ ಹಾಕಿದ ಪೈಪು ಇತ್ತಾ ಅಂತ ಕಣ್ಣಿಟ್ಟು ಹುಡುಕಿದೆ. ನನಗೆ ಕಂಡಿದ್ದೆಲ್ಲಾ ಬರೀ ಸದ್ದಿನ ಡಬ್ಬಗಳು.

ಇನ್ನೊಂದು ಮಾತನ್ನ ಟೂ ಸ್ಟ್ರೋಕ್ ಪ್ರೇಮಿಗಳು ಬೈದರೂ ಪರವಾಗಿಲ್ಲ, ಹೇಳಿಬಿಡ್ತೀನಿ. ಅದು ರಸ್ತೆಯಿಂದ ಹೋಗಿದ್ದು ಸರಿಯೇ. 1996 ಅನ್ನೋದು ವಿಚಿತ್ರ ವರ್ಷ. ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು ಆ ವರ್ಷ, ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದು ಆ ವರ್ಷ, ಕಾಡೆನ್ ತೀರಿಕೊಂಡಿದ್ದೂ ಅದೇ ವರ್ಷ ಮಾರ್ಚಿನಲ್ಲಿ. ಭಾರತದಲ್ಲಿ ದ್ವಿಚಕ್ರ ವಾಹನಗಳ ಹೊಗೆಯ ಮಿತಿ ಬಿಗಿಯಾಗಿದ್ದು ಆ ಏಪ್ರಿಲಿನಿಂದ: ಕಿಲೋಮೀಟರಿಗೆ 4.5 ಗ್ರಾಂ ಕಾರ್ಬನ್ ಮಾನಾಕ್ಸೈಡು, ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡು ಸೇರಿ 3.6 ಗ್ರಾಂ. 2000ದಲ್ಲಿ ಎರಡೂ 2 ಗ್ರಾಮಿಗೆ ಇಳಿದವು. ಪೆಟ್ರೋಲನ್ನು ಹಾಗೇ ಹೊರಗೆ ಬಿಡೋ ಎಂಜಿನ್ನು ಈ ಪರೀಕ್ಷೆಯಲ್ಲಿ ಎಷ್ಟು ದಿನ ಪಾಸಾಗುತ್ತೆ? ಬೆಂಗಳೂರಿನ ಹಳೇ ಟೂ ಸ್ಟ್ರೋಕ್ ಆಟೋ ಹಿಂದೆ ಸಿಗ್ನಲ್ಲಿನಲ್ಲಿ ನಿಂತವರಿಗೆ ಗೊತ್ತು ಆ ನೀಲಿ ಹೊಗೆಯ ರುಚಿ.

ಇಲ್ಲಿ ಅಮೆರಿಕದಲ್ಲಿ ಅದೇ ಕಥೆ ಈಗ ಲಾನುಗಳ ಮೇಲೆ ನಡೀತಾ ಇದೆ. 2011ರಲ್ಲಿ ಎಡ್ಮಂಡ್ಸ್ ಅನ್ನೋ ಕಾರು ಪತ್ರಿಕೆಯವರು ಒಂದು ಟೂ ಸ್ಟ್ರೋಕ್ ಲೀಫ್ ಬ್ಲೋವರನ್ನೂ 6.2 ಲೀಟರಿನ ಫೋರ್ಡ್ ರ್‍ಯಾಪ್ಟರ್ ಪಿಕಪ್ಪನ್ನೂ ಪಕ್ಕಪಕ್ಕ ಪರೀಕ್ಷೆ ಮಾಡಿದ್ರು. ಹೈಡ್ರೋಕಾರ್ಬನ್ನಿನಲ್ಲಿ ಆ ಪುಟಾಣಿ ಬ್ಲೋವರು ಟ್ರಕ್ಕಿನ 299 ಪಟ್ಟು! ಅರ್ಧ ಗಂಟೆ ಎಲೆ ಊದಿದ್ರೆ ಆ ಟ್ರಕ್ಕಿನಲ್ಲಿ 3900 ಮೈಲಿ ಓಡಿದಷ್ಟು. ಸುಡದ ಪೆಟ್ರೋಲಿನ ಮಹಿಮೆ. ವಾಷಿಂಗ್ಟನ್ ಡಿಸಿಯವರು 2018ರಲ್ಲಿ ಕಾನೂನು ಮಾಡಿ, 2022ರ ಜನವರಿಯಿಂದ ಪೆಟ್ರೋಲ್ ಬ್ಲೋವರನ್ನೇ ನಿಷೇಧಿಸಿದ್ರು. ಪಕ್ಕದ ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕೌಂಟಿಯಲ್ಲಿ 2025ರ ಜುಲೈಯಿಂದ ಬಳಸೋ ಹಾಗಿಲ್ಲ. ನಮ್ಮ ಬೀದಿಯಲ್ಲಿ ಇನ್ನೂ ಶನಿವಾರದ ಸುಪ್ರಭಾತ ನಡೀತಾ ಇದೆ. ಆ ಮಷೀನ್ ಹೊತ್ತವನು ಮಾಸ್ಕ್ ಕೂಡ ಹಾಕಿರಲಿಲ್ಲ. ನನಗೆ ನಾಸ್ಟಾಲ್ಜಿಯಾ ತರೋ ವಾಸನೆಯನ್ನ ಅವನು ದಿನಕ್ಕೆ ಎಂಟು ಗಂಟೆ ಕುಡೀತಾನೆ. ಹಾಗಾಗಿ "ಆಹಾ ಆ ಕಾಲ" ಅಂತ ಬರೆಯೋಕೆ ನನಗೆ ಕೈ ಬರಲ್ಲ.

ಹಾಗಾದ್ರೆ ಟೂ ಸ್ಟ್ರೋಕ್ ಮರೆತುಬಿಡೋಣವಾ? ಬೇಡ. ಕಲಿಯೋಕೆ ಇದಕ್ಕಿಂತ ಒಳ್ಳೇ ಎಂಜಿನ್ ಇಲ್ಲ. ಹೆಡ್ಡು, ಬ್ಲಾಕು, ಪಿಸ್ಟನ್ನು ಬಿಚ್ಚೋಕೆ ಒಂದು ಮಧ್ಯಾಹ್ನ ಸಾಕು. ತಪ್ಪು ಮಾಡಿದ್ರೆ ಕಣ್ಣಿಗೆ ಕಾಣುತ್ತೆ. ಥರ್ಮೋಡೈನಮಿಕ್ಸು, ಅಲೆ, ಲೋಹ, ಬೆಸುಗೆ ಎಲ್ಲಾ ಒಂದು ತಗಡಿನ ಪೈಪಿನೊಳಗೆ ಬಂದು ಸೇರುತ್ತೆ. ನಾನು ದಿನಾ ಮುಟ್ಟೋ ಸಾಫ್ಟ್‌ವೇರಿನಲ್ಲಿ ತಪ್ಪು ಮಾಡಿದ್ರೆ ಹಿಂದಿನ ವರ್ಶನ್ನಿಗೆ ಹೋಗ್ತೀನಿ. ಅರಕ್ಕೆ ಅನ್‌ಡೂ ಇಲ್ಲ. ಉಜ್ಜಿದ ಲೋಹ ವಾಪಸ್ ಬರಲ್ಲ. ಆ ಪಾಠ ನನಗೆ ಯಾವ ಲ್ಯಾಬಿನಲ್ಲೂ ಸಿಗಲಿಲ್ಲ, ಕಡಕೊಳದ ರಸ್ತೆ ಬದಿಯಲ್ಲಿ ಸಿಕ್ತು.

ಸರಿ ತಮ್ಮಾ, ಈಗ ನಿನ್ನ ಪ್ರಶ್ನೆಗೆ ಉತ್ತರ. ಎಷ್ಟು ಮಿಲಿಮೀಟರ್?

ಸೊನ್ನೆ. ಸದ್ಯಕ್ಕೆ ಸೊನ್ನೆ.

ಮೊದಲು ಒಂದು ಹಳೇ ಸಿಡಿ ಮೇಲೆ 360 ಡಿಗ್ರಿಯ ಪ್ರಿಂಟೌಟ್ ಅಂಟಿಸಿ ಕ್ರ್ಯಾಂಕಿಗೆ ಹಾಕು. ಎಕ್ಸಾಸ್ಟ್, ಟ್ರಾನ್ಸ್‌ಫರ್ ಎಷ್ಟೆಷ್ಟು ಡಿಗ್ರಿಗೆ ತೆರೆದು ಮುಚ್ಚುತ್ತೆ ಅಂತ ಬರ್ಕೊ. ಬೋರಿನೊಳಗೆ ಪೇಪರ್ ಸುತ್ತಿ ಪೆನ್ಸಿಲ್ಲಿನಿಂದ ಉಜ್ಜಿ ಕಿಟಕಿಗಳ ನಕ್ಷೆ ತೆಗಿ. ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೀತಿರಲಿಲ್ವಾ, ಹಾಗೆ. ಅರ ಹಿಡಿಯೋ ಆಸೆ ತಡೀಲಾರೆ ಅಂದ್ರೆ ಗುಜರಿಯಲ್ಲಿ ಒಂದು ಹಾಳಾದ ಬ್ಲಾಕ್ ತಗೊಂಡು ಅದರ ಮೇಲೆ ಉಜ್ಜು.

ಆಮೇಲೆ, ಪೋರ್ಟಿಗಿಂತ ಮೊದಲು ಪೈಪು ಮಾಡು. ಪೈಪು ಸರಿಯಾಗಲಿಲ್ಲ ಅಂದ್ರೆ ಎರಡು ನಟ್ಟು ಬಿಚ್ಚಿ ಹಳೇದನ್ನ ಹಾಕಬಹುದು, ನಿಮ್ಮಪ್ಪ ಸೋಮವಾರ ಗಾಡಿ ಓಡಿಸಬಹುದು. ನಿನ್ನ ಅಳತೆಗಳಿಂದ ಉದ್ದ ಲೆಕ್ಕ ಹಾಕು. ಕೋನುಗಳನ್ನ ಮೊದಲು ಡ್ರಾಯಿಂಗ್ ಶೀಟಿನಲ್ಲಿ ಕತ್ತರಿಸಿ ಸುತ್ತಿ ನೋಡು, ಆಮೇಲೆ ತಗಡು. ಬಾಲದ ಪೈಪು ತೀರಾ ಕಿರಿದಾದ್ರೆ ಪಿಸ್ಟನ್ ಕಾದು ತೂತು ಬೀಳುತ್ತೆ, ತೀರಾ ಅಗಲವಾದ್ರೆ ಪವರ್ ಹೋಗುತ್ತೆ. ಮುಂದಿನ ಪೈಪಿನ ವ್ಯಾಸದ ಸುಮಾರು 0.6 ಪಟ್ಟಿನಿಂದ ಶುರು ಮಾಡು. ಜೆಟ್ ಒಂದು ಸೈಝ್ ದೊಡ್ಡದು ಹಾಕಿ, ಪ್ಲಗ್ಗಿನ ಬಣ್ಣ ನೋಡಿ ಒಂದೊಂದೇ ಮೆಟ್ಟಿಲು ಇಳಿ. ಬಾಲದ ತುದಿಗೆ ಸರಿಯಾದ ಸೈಲೆನ್ಸರ್ ಹಾಕು. ಚೆನ್ನಾಗಿ ಮಾಡಿದ ಚೇಂಬರಿಗೆ ಕೂಗೋ ಅಗತ್ಯ ಇಲ್ಲ. ಮತ್ತೆ ಇದನ್ನ ರಸ್ತೆಗೆ ತರಬೇಡ. ಕಾನೂನು ಒಪ್ಪಲ್ಲ, ಪಕ್ಕದ ಮನೆ ಅಜ್ಜಿನೂ ಒಪ್ಪಲ್ಲ. ಕಾಲೇಜಿನ ಟೆಸ್ಟ್ ಬೆಡ್ ಕೇಳು, ಇಲ್ಲಾ ಟ್ರ್ಯಾಕ್ ಇರೋ ಕಡೆ ತಗೊಂಡು ಹೋಗು. ಓಡಿಸಿ ಬಂದ ನಂಬರುಗಳನ್ನ ನನಗೆ ಕಳಿಸು. ಆಮೇಲೂ ಬೇಕು ಅನ್ನಿಸಿದ್ರೆ ಅರ್ಧ ಮಿಲಿಮೀಟರಿನ ಬಗ್ಗೆ ಮಾತಾಡೋಣ, ಅಂಚು ನಯ ಮಾಡೋದನ್ನ ನಾನೇ ವೀಡಿಯೋ ಕಾಲಿನಲ್ಲಿ ಕೂತು ಮಾಡಿಸ್ತೀನಿ.

ಇಷ್ಟನ್ನೂ ನಿನ್ನೆ ರಾತ್ರಿ ಅವನಿಗೆ ಕಳಿಸಿ, ಕೊನೆಗೆ ಅಳುಕುತ್ತಲೇ ಕೇಳಿದೆ, "ಅಪ್ಪನಿಗೆ ಹೇಳಿದೀಯಾ? ಕೇಳದೆ ಬಿಚ್ಚಿಲ್ಲ ತಾನೇ?"

ಉತ್ತರ ಬೆಳಿಗ್ಗೆ ಬಂದಿತ್ತು. "ಅಪ್ಪಾನೇ ಬಿಚ್ಚಿಕೊಟ್ಟಿದ್ದು ಅಣ್ಣಾ. ಉಜ್ಜೋ ಮುಂಚೆ ಅವನನ್ನ ಕೇಳು, ಏನು ಮಾಡಬಾರದು ಅಂತ ಅವನಿಗೆ ಚೆನ್ನಾಗಿ ಗೊತ್ತು ಅಂದ್ರು."

ಎಂಟು ತಿಂಗಳ ಬಸ್ ಚಾರ್ಜನ್ನ ಮಾವ ಹೀಗೆ ವಸೂಲಿ ಮಾಡಿದ್ರು. ಕೊಡಬೇಕಾದ್ದೇ ಬಿಡಿ.

ನಿಮ್ಮ ಮನೆ ಹಿತ್ತಲಲ್ಲೂ ಟಾರ್ಪಾಲಿನ ಅಡಿ ಒಂದು ಆರ್‌ಎಕ್ಸೋ, ಯೆಝ್ಡಿಯೋ, ಸುವೇಗಾನೋ ನಿಂತಿದ್ರೆ, ಗುಜರಿಗೆ ಹಾಕೋ ಮುಂಚೆ ಮನೆಯಲ್ಲಿರೋ ಹುಡುಗ ಹುಡುಗಿಯರಿಗೆ ಒಂದು ಸಲ ಬಿಚ್ಚೋಕೆ ಕೊಡಿ. ಜೊತೆಗೆ ಅರದ ಬದಲು ಒಂದು ಸ್ಕೇಲು, ಒಂದು ಪೆನ್ಸಿಲ್ಲು ಕೊಡಿ. ಏನಂತೀರಾ?